ಇನ್ನೊಬ್ಬರ ಕೈ

ಪಾಲಾಕ್ಷಪ್ಪನ ಬಲಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಅದು ಅವನಿಗೆ ಗೊತ್ತೂ ಇರಲಿಲ್ಲ. ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತಿದ್ದ ಗೌಸಿಯಾ ಮೊದಲು ಆ ಪಾದವನ್ನೇ ನೋಡಿದಳು. ಮೊಣಕಾಲನ್ನು ಬೇಕಾದ್ದಕ್ಕಿಂತ ಎತ್ತರಕ್ಕೆ ಎತ್ತಿ, ಪಾದವನ್ನು ಚಟ್ ಎಂದು ನೆಲಕ್ಕೆ ಬಿಡುತ್ತ ಬರುತ್ತಿದ್ದ. ಹಿಂದೆ ಅವನ ಹೆಂಡತಿ ಸುಂಕಮ್ಮ ಚಪ್ಪಲಿ ಹಿಡಿದುಕೊಂಡು ಬಂದಳು.

"ಬಸ್‌ಸ್ಟ್ಯಾಂಡಿನಿಂದ ಇಲ್ಲಿಗೆ ಬರೋದ್ರಾಗ ಇದು ಮೂರನೇ ಸಲ," ಎಂದಳು. "ಕಳಚಿ ಬಿದ್ದಿದ್ದು ಇವರಿಗೆ ಅರುವೇ ಇರಂಗಿಲ್ಲ. ಹಂಗೇ ನಡಕಂತ ಹೊಂಟಿರತಾರ."

ಬೆಂಚಿನ ಮೇಲೆ ಏಳು ಜನ ಕೂತಿದ್ದರು. ಅವರಲ್ಲಿ ಇಬ್ಬರಿಗೆ ಪಾಲಾಕ್ಷಪ್ಪನ ಗುರುತಿತ್ತು; ಉಳಿದವರಿಗೆ ಅವನ ಸುದ್ದಿ ಗೊತ್ತಿತ್ತು. ಹೊಳಲಿನಿಂದ ಬಂದಿದ್ದ ಮುದುಕಿ ಸರಿದು ಜಾಗ ಬಿಟ್ಟಳು.

"ನಿನ್ನ ಹೆಸರು ಕೇಳೇ ಬಂದೀವಪ್ಪ ನಾವೆಲ್ಲ. ಇಬ್ಬರು ಹೊತ್ತು ತಂದಿದ್ರಂತ, ಎದ್ದು ನಡಕಂತ ಹೋದ್ಯಂತ."

"ಹೌದಬೇ. ನಿನಗೂ ನಡಾ ಹಿಡಕಂಡೈತೇನು?" ಎಂದು ಪಾಲಾಕ್ಷಪ್ಪ ತನ್ನ ಸೊಂಟ ಮುಟ್ಟಿಕೊಂಡ.

"ನಡಾ ಅಲ್ಲ, ಕುತ್ತಿಗಿ. ಕುತ್ತಿಗಿಗೂ ಕಾಲು ಹಚ್ಚತಾರೇನು?"

"ಕುತ್ತಿಗಿ ಮ್ಯಾಲೆ ಕಾಲಿಟ್ರ ಪೊಲೀಸ್ನೋರು ಬರತಾರ."

ಬೆಂಚು ನಕ್ಕಿತು. ಪಾಲಾಕ್ಷಪ್ಪ ಯಾರೂ ಹೇಳದೆಯೇ ಪರದೆ ಸರಿಸಿ ಒಳಗೆ ಹೋಗಿ, ಮಂಚದ ಮೇಲೆ ಬೋರಲು ಮಲಗಿ ಅಂಗಿ ಮೇಲೆ ಮಾಡಿಕೊಂಡ.

"ಇನ್ನೊಮ್ಮೆ ಕಾಲು ಹಚ್ಚಿಬಿಡು ಮಗಳ. ಅವತ್ತಿಂದು ಎರಡು ತಿಂಗಳು ಚಲೋ ತಡೀತು."

ಗೌಸಿಯಾ ದಾವಣಗೆರೆಯಲ್ಲಿ ಫಿಸಿಯೋಥೆರಪಿ ಓದಿ ಬಂದು, ಕೊಟ್ಟೂರಿನಲ್ಲಿ ಅಪ್ಪನ ಪಂಪ್‌ಸೆಟ್ ರಿಪೇರಿ ಅಂಗಡಿಯ ಪಕ್ಕದ ಕೋಣೆಯಲ್ಲಿ ಈ ಕ್ಲಿನಿಕ್ ತೆರೆದಿದ್ದಳು. ಮೊದಲ ಎಂಟು ತಿಂಗಳು ಬಂದವರು ಕಡಿಮೆ. ಬಂದವರಿಗೂ ಕರೆಂಟ್ ಮಿಷಿನ್ ಮೇಲೆ ಪ್ರೀತಿ. ವ್ಯಾಯಾಮ ಹೇಳಿಕೊಟ್ಟರೆ ಮುಖ ಕೆಡುತ್ತಿತ್ತು. "ಎಲ್ಲಾ ನಾವೇ ಮನ್ಯಾಗ ಮಾಡೋದಾದ್ರ ನೀನ್ಯಾಕ ಬೇಕವ್ವ?" ಎಂದು ಮಂಡಿನೋವಿನ ಮೇಷ್ಟ್ರೊಬ್ಬರು ಕೇಳಿದ್ದರು. ವಾಲಿಬಾಲ್ ಆಡಿ ಭುಜ ಕೆಡಿಸಿಕೊಂಡ ಹುಡುಗರು ಎರಡು ದಿನ ಬಂದು ಮೂರನೇ ದಿನ ಮತ್ತೆ ಆಡಲು ಹೋಗುತ್ತಿದ್ದರು.

ಯುಗಾದಿಯ ಮರುದಿನ ಪಾಲಾಕ್ಷಪ್ಪನನ್ನು ಇಬ್ಬರು ಎತ್ತಿ ತಂದರು. ಮಾರ್ಕೆಟ್ ಯಾರ್ಡಿನ ಹಮಾಲಿ. ಹಬ್ಬದ ಗುಂಡುಕಲ್ಲು ಎತ್ತುವ ಪಂದ್ಯದಲ್ಲಿ ಹತ್ತು ವರ್ಷ ಅವನದೇ ಹೆಸರಿತ್ತು. ನಲವತ್ತೆಂಟನೇ ವಯಸ್ಸಿಗೆ ಯಾರೂ ಅವನನ್ನು ಕರೆದಿರಲಿಲ್ಲ. "ಕಾಕಾ, ನೀ ಇನ್ನ ಮೊಮ್ಮಗನ್ನ ಎತ್ತಬೇಕು" ಎಂದು ಯಾವನೋ ಅಂದನಂತೆ. ಅದಕ್ಕೆ ಎತ್ತಿದ್ದ. ಕಲ್ಲು ಎದೆಯವರೆಗೂ ಬಂತು, ಆಮೇಲೆ ಸೊಂಟದಲ್ಲಿ ಕಡ್ಡಿ ಮುರಿದ ಹಾಗೆ ಆಯಿತು.

ಅವತ್ತು ಗೌಸಿಯಾ ಓದಿದ್ದನ್ನೆಲ್ಲ ಕ್ರಮವಾಗಿ ಮಾಡಿದಳು. ಕಾಲು ಎತ್ತಿಸಿದಳು. ಎರಡೂ ಹೆಬ್ಬೆರಳುಗಳ ಮೇಲೆ ತನ್ನ ಬೆರಳಿಟ್ಟು "ಮ್ಯಾಲೆ ನೂಕ್ರಿ ಕಾಕಾ" ಎಂದಳು. ಎಡಗಾಲಿನ ಹೆಬ್ಬೆರಳು ಅವಳ ಬೆರಳನ್ನು ನೂಕಿತು. ಬಲಗಾಲಿನದು ಸ್ವಲ್ಪ ನೂಕಿ ಸೋತಿತು. ನರಕ್ಕೆ ಒತ್ತು ಬಿದ್ದಿದೆ, ಹೊಸಪೇಟೆಗೆ ಹೋಗಿ ಸ್ಕ್ಯಾನ್ ಮಾಡಿಸಬೇಕು ಎಂದಳು. ಅವನ ಹೊಟ್ಟೆಯ ಕೆಳಗೆ ದಿಂಬು ಕೊಟ್ಟು, ಸೊಂಟಕ್ಕೆ ಬಿಸಿ ಶಾಖದ ಚೀಲ ಇಟ್ಟು, ಚೀಟಿ ಬರೆಯಲು ಕೂತಳು.

ಚಹಾ ತಂದ ತಾಯಿ ಜೈತುನ್ ಬೀ ಅವನ ನರಳಾಟ ನೋಡಿ ತಡೆಯಲಾರದೆ ಹೇಳಿಬಿಟ್ಟಳು. "ನನ್ನ ಮಗಳು ಕಾಲು ಮುಂದಾಗಿ ಹುಟ್ಟಿದಾಕಿ ಅಪ್ಪಾ. ಅಂಥವರು ಕಾಲು ಹಚ್ಚಿದ್ರ ಹಿಡಿದ ನಡಾ ಬಿಡತೈತಿ. ಇವಳು ಹಚ್ಚಂಗಿಲ್ಲ, ಓದ್ಯಾಳಲ್ಲ."

ಪಾಲಾಕ್ಷಪ್ಪ ತಲೆ ಎತ್ತಿದ. "ಹಚ್ಚು ಮಗಳ."

"ಅದನ್ನ ನಾ ಕಲಿತು ಬಂದಿಲ್ಲ ಕಾಕಾ."

"ಕಲಿಯೋದೇನೈತಿ? ನೀ ಹುಟ್ಟೇ ಹಂಗ ಹುಟ್ಟಿ."

ಪರದೆಯ ಆಚೆ ಮೂರು ಜನ ಕೂತಿದ್ದರು. ಅವರೂ ಎದ್ದು ಬಂದು ನಿಂತರು. ಹಿರಿಯರಿಗೆ ಕಾಲು ತಗಲಿಸಬಾರದೆಂದು ಅವಳು ಹಿಂಜರಿದರೆ, ಅವನೇ ಕೈ ಮುಗಿದ. ಅವಳು ಚಪ್ಪಲಿ ಬಿಟ್ಟು, ಮಂಚದ ಅಂಚು ಹಿಡಿದು, ಬಲಗಾಲನ್ನು ಅವನ ಸೊಂಟದ ಮೇಲೆ ಮೂರು ಸಲ ಇಟ್ಟು ತೆಗೆದಳು. ಭಾರ ಹಾಕಲಿಲ್ಲ. ಒಂದು ಬೆಕ್ಕು ದಾಟಿದಷ್ಟು ಭಾರವೂ ಇರಲಿಕ್ಕಿಲ್ಲ.

ಅರ್ಧ ಗಂಟೆಯ ಶಾಖಕ್ಕೆ, ಅಲುಗದೆ ಮಲಗಿದ್ದಕ್ಕೆ ಬಿಗಿತ ಸಡಿಲಿತ್ತು. ಅದು ಅವಳಿಗೆ ಗೊತ್ತಿತ್ತು. ಪಾಲಾಕ್ಷಪ್ಪ ಎದ್ದು ನಿಂತ. ಹೆಜ್ಜೆ ಹಾಕಿದ. ಮೂರು ಜನರೂ "ಓಹೋ" ಎಂದರು.

"ಇನ್ನ ಸ್ಕ್ಯಾನ್ ಗೀನ್ ಬೇಕೇನು ಮಗಳ?"

ಅವಳು ಬಾಯಿ ತೆರೆದಳು. ಉತ್ತರ ಕೊಟ್ಟದ್ದು ಜೈತುನ್ ಬೀ. "ಅದೆಲ್ಲಾ ಯಾಕಪ್ಪಾ? ಒಂದು ನೆನಪಿಟಗ. ಆ ನಡಕ್ಕ ಇನ್ನೊಬ್ರ ಕೈ ಬೀಳಬಾರದು. ಬಿದ್ರ ಗುಣ ಹೋಗಿಬಿಡತೈತಿ."

ತಾಯಿ ಅದನ್ನು ನಂಬಿಯೇ ಹೇಳಿದ್ದಳು. ಎಲ್ಲರೂ ಗೌಸಿಯಾಳ ಮುಖ ನೋಡಿದರು. "ಹದಿನೈದು ದಿನ ಭಾರ ಎತ್ತಬ್ಯಾಡ್ರಿ" ಎಂದಳು. ಅದು ಸುಳ್ಳಲ್ಲ. ಅರ್ಧ ಬರೆದ ಚೀಟಿ ಪ್ಯಾಡಿನಲ್ಲೇ ಉಳಿಯಿತು.

ಮುಂದಿನ ವಾರದಿಂದ ಬೆಂಚು ತುಂಬಿತು. ಕೂಡ್ಲಿಗಿಯಿಂದ, ಹರಪನಹಳ್ಳಿಯಿಂದ ಬಂದರು. ಅವಳು ಕಾಲು ಇಟ್ಟಂತೆ ಮಾಡಿ, ಜೊತೆಗೆ ವ್ಯಾಯಾಮವನ್ನೂ ಕಡ್ಡಾಯ ಮಾಡಿದಳು. ಈಗ ಎಲ್ಲರೂ ಹೇಳಿದ್ದು ಮಾಡುತ್ತಿದ್ದರು. ಕಾಲಿನ ನೆಪದಲ್ಲಾದರೂ ಒಳ್ಳೆಯದಾಗುತ್ತಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದಳು. ಪಾಲಾಕ್ಷಪ್ಪನ ಹೆಬ್ಬೆರಳು ಕೆಲವು ದಿನ ನೆನಪಾಯಿತು. ಆಮೇಲೆ ಅಷ್ಟಾಗಿ ಆಗಲಿಲ್ಲ.

"ಕಾಕಾ, ತಿರುಗಿ ಅಂಗಾತ ಮಲಗ್ರಿ," ಎಂದಳು ಈಗ.

ಅವನು ಒಲ್ಲದ ಮನಸ್ಸಿನಿಂದ ತಿರುಗಿದ. ಅವಳು ಬಲಪಾದವನ್ನು ಕೈಯಲ್ಲಿ ಹಿಡಿದಳು. ಅದು ತಣ್ಣಗಿತ್ತು.

"ಪಾದ ಮ್ಯಾಲೆ ಎತ್ರಿ."

ಅವನ ಹಣೆಯಲ್ಲಿ ನರ ಉಬ್ಬಿತು. ತೊಡೆ ಬಿಗಿಯಿತು. ಪಾದ ಅಲ್ಲೇ ಇತ್ತು.

"ಎತ್ತಿದ್ನಾ?" ಎಂದು ಕೇಳಿದ.

"ಯಾವಾಗಿಂದ ಹಿಂಗ?"

"ಕಾರಹುಣ್ಣಿವಿ ಹೊತ್ತಿಗೆ ಜೋಮು ಬಂತು. ಆಮ್ಯಾಲೆ ಸೋಲಾಕ ಹತ್ತಿತು. ಚೀಲ ಹೊತ್ತು ಲಾರಿ ಹಲಗಿ ಏರಬೇಕಾದ್ರ ಮುಂಗಾಲು ತೊಡರಿ ಎರಡು ಸಲ ಬಿದ್ದೆ. ಮೇಸ್ತ್ರಿ ಬರಬ್ಯಾಡ ಅಂದಾನ."

"ಎರಡು ತಿಂಗಳಾತು. ಯಾರಿಗೂ ತೋರಿಸಲಿಲ್ಲೇನು ಕಾಕಾ?"

"ಹೆಂಗ ತೋರಸಲಿ? ಡಾಕ್ಟ್ರು ಸುಮ್ನ ನೋಡತಾರೇನು, ಕೈ ಹಚ್ಚೇ ಹಚ್ಚತಾರ. ನಿಮ್ಮವ್ವ ಹೇಳಿದ್ಲಲ್ಲ, ಇನ್ನೊಬ್ರ ಕೈ ಬೀಳಬಾರದಂತ." ಅವನು ಹೆಂಡತಿಯ ಕಡೆ ಗದ್ದ ಎತ್ತಿದ. "ಇಷ್ಟು ಕಾದ್ರೂ ಕೆಡಿಸಿಬಿಟ್ಲು ನೋಡು ಈಕಿ."

ಸುಂಕಮ್ಮ ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಚಪ್ಪಲಿ ಇನ್ನೂ ಕೈಯಲ್ಲೇ ಇತ್ತು.

"ತಪ್ಪು ನಂದ ಐತಿ ಯವ್ವಾ," ಎಂದಳು. "ಜಳಕಕ್ಕ ನೀರು ಹಾಕತಿದ್ದೆ. ಬೆನ್ನು ತಿಕ್ಕತಾ ತಿಕ್ಕತಾ ಮರ್ತು ಕೈ ನಡಕ್ಕ ಹೋತು. ಅದಾಗಿ ಎಂಟು ದಿನಕ್ಕ ಜೋಮು ಬಂತು. ಯಾರ ಮುಂದನೂ ಹೇಳಿಲ್ಲ ನಾನು."

"ಹೇಳಾಕ ಏನೈತಿ? ಹೆಂಗಸರ ಕೈ ಸುಮ್ನಿರಂಗಿಲ್ಲ," ಎಂದ ಪಾಲಾಕ್ಷಪ್ಪ. ಸಿಟ್ಟಿನಿಂದ ಹೇಳಲಿಲ್ಲ, ರೂಢಿಯಾದ ಮಾತಿನಂತೆ ಹೇಳಿದ. "ಅವತ್ತಿಂದ ನೀರು ನಾನೇ ಹಾಕ್ಕೊಂತೀನಿ. ಈಕಿನ್ನ ಬಾಜೂ ಸೈತ ಬರಾಕ ಬಿಡಂಗಿಲ್ಲ."

ಪಕ್ಕದ ಅಂಗಡಿಯಲ್ಲಿ ಅಪ್ಪ ಯಾವುದೋ ಬೋಲ್ಟಿಗೆ ಬಡಿಯುತ್ತಿದ್ದುದು ಕೇಳುತ್ತಿತ್ತು. ಗೌಸಿಯಾ ಪಾದವನ್ನು ಮೆಲ್ಲಗೆ ಮಂಚದ ಮೇಲೆ ಇಟ್ಟಳು.

"ಈ ಅಮ್ಮನ ಕೈಯಿಂದ ಕೆಟ್ಟಿಲ್ಲ ಕಾಕಾ," ಎಂದಳು. ಧ್ವನಿ ಸಣ್ಣದಾಯಿತೆನಿಸಿ ಮತ್ತೊಮ್ಮೆ ಹೇಳಿದಳು. "ಅವರ ಕೈಯಿಂದ ಕೆಟ್ಟಿಲ್ಲ. ನನ್ನ ಕಾಲಿನಿಂದ ಗುಣಾನೂ ಆಗಿದ್ದಿಲ್ಲ. ಅವತ್ತು ಶಾಖಕ್ಕ ನೋವು ಇಳಿದಿತ್ತು, ಅಷ್ಟ. ನಿಮ್ಮ ಬೆರಳು ಅವತ್ತೇ ಸೋತಿತ್ತು. ನಾ ನೋಡಿದ್ದೆ. ಸ್ಕ್ಯಾನ್ ಬೇಕೇನು ಅಂತ ನೀವು ಕೇಳಿದಾಗ ನಾ ಸುಮ್ನಾದೆ."

ಪಾಲಾಕ್ಷಪ್ಪ ಅವಳನ್ನು ನೋಡಿದ. ಆಮೇಲೆ ಅವನ ಮುಖದಲ್ಲಿ ನಿಧಾನವಾಗಿ ನಗು ಹರಡಿತು.

"ಕೇಳಿದ್ಯಾ ಸುಂಕಿ? ನೀ ನೊಂದುಕೊಂತೀ ಅಂತ ಎಲ್ಲಾ ತನ್ನ ಮ್ಯಾಲೆ ಹಾಕ್ಕೊಂತಾಳ. ಎಂಥಾ ಮಗಳನ್ನ ಹಡದಾರ ನೋಡು."

"ದೊಡ್ಡ ಮನಸ್ಸು," ಎಂದಿತು ಪರದೆಯ ಆಚೆಯಿಂದ ಮುದುಕಿಯ ದನಿ. "ಗುಣ ಇದ್ದವರು ಗುಣ ಐತಿ ಅಂತ ಹೇಳ್ಕಣಂಗಿಲ್ಲವ್ವ."

"ಹಂಗಲ್ಲ ಕಾಕಾ. ನಾ ಖರೇ ಹೇಳಾಕ ಹತ್ತೀನಿ."

"ಖರೇನ ಐತಿ ಬಿಡು. ಮೊದಲು ಕಾಲು ಹಚ್ಚು. ಆಮ್ಯಾಲೆ ಎಲ್ಲಿಗೆ ಅಂತೀ ಅಲ್ಲಿಗೆ ಹೋಗೋಣ." ಅವನು ಮತ್ತೆ ಬೋರಲಾಗಲು ಮಗ್ಗುಲು ತಿರುಗಿದ.

ಸುಂಕಮ್ಮ ನಗಲಿಲ್ಲ. ಮಂಚದ ಹತ್ತಿರ ಬಂದಳು.

"ಅವತ್ತೇ ಗೊತ್ತಿತ್ತಾ ನಿನಗ?"

"ಗೊತ್ತಿತ್ತು."

"ಯಾಕ ಹೇಳಲಿಲ್ಲ? ಹೊರಗ ಇಷ್ಟು ಜನ ಅದಾರಂತಾ?"

"ಅವತ್ತು ಇಷ್ಟು ಇರಲಿಲ್ಲ ಅಮ್ಮಾ. ಮೂರೇ ಮಂದಿ ಇದ್ರು."

ಸುಂಕಮ್ಮ ಬಗ್ಗಿ ಚಪ್ಪಲಿಯನ್ನು ಮಂಚದ ಕೆಳಗೆ ಇಟ್ಟಳು. ಎದ್ದಾಗ ಅವಳ ಕಣ್ಣುಗಳು ಒಣಗಿಯೇ ಇದ್ದವು. "ಎರಡು ತಿಂಗಳಿಂದ ಈ ಮನಷ್ಯಾ ನನ್ನ ಕೈ ಕಂಡ್ರ ಸರಿತಾನ," ಎಂದಳು. ಆಮೇಲೆ, "ಕಾಲು ಹಚ್ಚಬ್ಯಾಡ. ಎಲ್ಲಿಗೆ ಹೋಗಬೇಕು ಬರದು ಕೊಡು."

"ಏ, ನೀ ಸುಮ್ನಿರಲೇ..." ಎಂದ ಪಾಲಾಕ್ಷಪ್ಪ.

"ಏಳ್ರಿ ಮ್ಯಾಲೆ."

ಆ ದನಿಯನ್ನು ಅವನು ಅಪರೂಪಕ್ಕೆ ಕೇಳಿದ್ದನೇನೋ, ಎದ್ದು ಕೂತ.

ಗೌಸಿಯಾ ಹೊಸಪೇಟೆಯ ನರರೋಗ ತಜ್ಞರಿಗೆ ಚೀಟಿ ಬರೆದಳು. ಬಲಪಾದ ಎತ್ತಲಾಗುತ್ತಿಲ್ಲ ಎಂದು ಬರೆದಳು. ಬಲಹೀನತೆ ಮೊದಲು ಕಂಡ ದಿನ ಎನ್ನುವಲ್ಲಿ ಸ್ವಲ್ಪ ಹೊತ್ತು ಪೆನ್ನು ನಿಂತಿತು. ಯುಗಾದಿಯ ಮರುದಿನದ ತಾರೀಖು ಬರೆದು, ಪರೀಕ್ಷಿಸಿದವರು ಎಂಬಲ್ಲಿ ತನ್ನ ಹೆಸರು ಹಾಕಿ, ಕೆಳಗೆ ಸಹಿ ಮಾಡಿದಳು.

"ನಾಳಿಗೆ ಅನ್ನಬ್ಯಾಡ್ರಿ ಅಮ್ಮಾ, ಇವತ್ತೇ ಹೋಗ್ರಿ. ಉಚ್ಚಿ ಕಟ್ಟಿದಂಗಾದ್ರ ಅಥವಾ ಇನ್ನೊಂದು ಕಾಲೂ ಜೋಮು ಬಂದ್ರ ಆಸ್ಪತ್ರ್ಯಾಗ ಕೂಡಲೇ ಹೇಳ್ರಿ."

"ಸರಿ ಹೋಗತೈತಾ ಕಾಲು?"

"ಅವತ್ತೇ ಹೋಗಿದ್ರ..." ಎಂದವಳು ತಡೆದಳು. "ಗೊತ್ತಿಲ್ಲ ಅಮ್ಮಾ."

ಆಸ್ಪತ್ರೆ ತಲುಪುವವರೆಗೆ ಮುಂಗಾಲು ನೆಲಕ್ಕೆ ತೊಡರದಂತೆ ಪಟ್ಟಿ ಕಟ್ಟಬೇಕಿತ್ತು. ಗೌಸಿಯಾ ಪಟ್ಟಿ ತಂದು ಮಂಡಿಯೂರಿ ಕೂತಾಗ ಸುಂಕಮ್ಮ ಕೈ ಚಾಚಿದಳು. "ಹೆಂಗ ಅಂತ ತೋರಸು. ನಾ ಕಟ್ಟತೀನಿ." ಗೌಸಿಯಾ ತನ್ನ ಕಾಲಿನ ಮೇಲೆಯೇ ಒಮ್ಮೆ ಸುತ್ತಿ ತೋರಿಸಿದಳು: ಅಂಗಾಲಿನ ಕೆಳಗಿನಿಂದ ಮುಂದಕ್ಕೆ, ಮೇಲಕ್ಕೆ ಎಳೆದು, ಕಣಕಾಲಿಗೆ ಗಂಟು. ಸುಂಕಮ್ಮ ಎರಡನೇ ಸಲಕ್ಕೆ ಸರಿಯಾಗಿ ಕಟ್ಟಿ, ಮಂಚದ ಕೆಳಗಿನ ಚಪ್ಪಲಿ ತೊಡಿಸಿದಳು. ಗಂಡ ಹೊರಗಿನವರಿಗೆ ಕೇಳಿಸಲೆಂದು ಏನೋ ತಮಾಷೆ ಮಾಡಿದ. ಯಾರೂ ನಗಲಿಲ್ಲ.

ಅವನು ಎದ್ದು ಬೆಂಚನ್ನು ದಾಟಿದ. ಚಟ್ ಎಂಬ ಸದ್ದು ಕಡಿಮೆಯಾಗಿತ್ತು. ಬಾಗಿಲ ಹೊರಗೆ ರಸ್ತೆಗೆ ಇಳಿಯಲು ಎರಡು ಮೆಟ್ಟಿಲು. ಮೊದಲ ಮೆಟ್ಟಿಲಿನಲ್ಲಿ ಆಯ ತಪ್ಪಿ ಅವನು ಗೌಸಿಯಾಳ ಕಡೆಗೆ ಕೈ ಚಾಚಿದ. ಅವಳು ಮುಂದೆ ಬರುವ ಮೊದಲೇ ಸುಂಕಮ್ಮ ನಡುವೆ ಬಂದಳು.

ಕೋಣೆಯೊಳಗೆ ಮಂಚ ಕಿರುಗುಟ್ಟಿತು. ಹೊಳಲಿನ ಮುದುಕಿ ತನ್ನ ಸರದಿ ಬಂತೆಂದು ತಾನೇ ಹೋಗಿ ಬೋರಲು ಮಲಗಿದ್ದಳು. "ಬಾರವ್ವ," ಎಂದು ಕರೆದಳು. ಗೌಸಿಯಾ ತಿರುಗಲಿಲ್ಲ.

ಸುಂಕಮ್ಮ ಎಡಗೈಯಲ್ಲಿ ಗಂಡನ ತೋಳು ಹಿಡಿದಿದ್ದಳು. ಬಲಗೈಯನ್ನು ಅವನ ಸೊಂಟದ ಮೇಲೆ, ಅಂಗಿಯ ಮೇಲಿನಿಂದ, ಪೂರ್ತಿ ಅಂಗೈ ಹರಡಿ ಇಟ್ಟಳು. ಅವನು ಸೆಟೆದು ನಿಂತ. ಹಿಂದೆ ತಿರುಗಿ ನೋಡಿದ, ಏನೋ ಹೇಳಲು ಹೊರಟ. ಅವಳು ಕೈ ತೆಗೆಯಲಿಲ್ಲ. ಅವನು ಇನ್ನೊಂದು ಮೆಟ್ಟಿಲು ಇಳಿದ.