ಸ್ವಂತ ಶ್ರಮ

"ಹಲ್ಲು ಮುಚ್ಕಳ್ಳೇ ಬೋಸುಡಿ. ನಿಂಗೆ ಬೋರ್ಡ್ ಕೆತ್ತೋಕೆ ಕೊಟ್ಟಿದೀನೋ, ನಾಟ್ಕ ತೋರಿಸ್ತಿದೀನೋ?"

ಕೌಂಟರಿನಾಚೆ ನಿಂತು ಹೀಗಂದವನು ಎಸ್ಟೇಟ್ ಮಾಲೀಕ ರವಿಚಂದ್ರ. ಈಚೆ, ಪೇಂಟು ಒರೆಸುವ ಬಟ್ಟೆಯನ್ನು ಬಾಯಿಗೊತ್ತಿಕೊಂಡು ಭುಜ ಕುಣಿಸುತ್ತಿದ್ದವಳು ಸುಚಿತ್ರಾ. ಸಕಲೇಶಪುರದ ಆ ಗೂಡಿನಂಥ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಅವಳದು ಒಂದೇ ಕೆಲಸ: ಹಿತ್ತಾಳೆ ಫಲಕದ ಮೇಲೆ ಅಕ್ಷರ ಕೊರೆಯುವುದು, ಕೊರೆದ ಗುಳಿಗೆ ಪೇಂಟು ತುಂಬುವುದು. ಡಾಕ್ಟರು, ವಕೀಲರು, ಸತ್ತವರು, ಹೊಸ ಮನೆ ಕಟ್ಟಿಸಿದವರು, ಎಲ್ಲರ ಹೆಸರೂ ಅವಳ ಕೈಕೆಳಗೆ ಹಾದುಹೋಗಿದ್ದವು. ನಗು ಅವಳಿಗೆ ಹುಟ್ಟಿನಿಂದ ಬಂದ ಕಾಯಿಲೆ. ಬೈದರೆ ಇನ್ನೂ ಕೆರಳುತ್ತಿತ್ತು.

"ತಪ್ಪಾಯ್ತು ಅಯ್ಯ. ಇನ್ನೊಂದ್ಸಲ ಓದ್ಬುಡಿ. ಕಾಗುಣಿತ ತಪ್ಪೋದು ಬ್ಯಾಡ," ಎಂದು ಚೀಟಿ ಚಾಚಿದಳು.

ರವಿಚಂದ್ರ ಗಂಟಲು ಸರಿಮಾಡಿಕೊಂಡು ಓದಿದ. "ಬೆಟ್ಟದಮ್ಮನ ಸನ್ನಿಧಿಗೆ ಶ್ರೀ ರವಿಚಂದ್ರ ಅವರು ಸ್ವಂತ ಶ್ರಮದಿಂದ ನಿರ್ಮಿಸಿದ ಎಂಬತ್ತಾರು ಮೆಟ್ಟಿಲುಗಳು."

'ಸ್ವಂತ ಶ್ರಮ'ದ ಹೊತ್ತಿಗೆ ಸುಚಿತ್ರಾ ಮೇಜಿನಡಿ ಏನನ್ನೋ ಹುಡುಕುವವಳಂತೆ ಬಗ್ಗಿಬಿಟ್ಟಳು. ಅಂಗಡಿಯ ಒಡೆಯ ಜಯಕುಮಾರ್ ಕೈ ಮುಗಿದ. "ಬುಡಿ ಸಾರ್. ಬುದ್ಧಿ ಅಷ್ಟಕ್ಕಷ್ಟೇ, ಕೈ ಮಾತ್ರ ಬಂಗಾರ."

"ನಮ್ಮ ಲೈನಿನ ಬೋರನ ಮಗಳಲ್ವಾ ಇದು? ಅಪ್ಪ ನನ್ನ ಕಂಡ್ರೆ ಸೊಂಟ ಬಗ್ಸಿ ನಿಲ್ತಾನೆ. ಇದು ನೋಡು, ಹಲ್ ಕಿರಿಯುತ್ತೆ."

ಸಂಜೆ ಬೆಳಗೋಡಿನಲ್ಲಿ ಬಸ್ಸಿಳಿದು ಎಸ್ಟೇಟಿನ ಕೂಲಿಯವರ ಲೈನ್ ಮನೆಗೆ ಬಂದವಳೇ ಸುಚಿತ್ರಾ ಅಪ್ಪನಿಗೆ ಚೀಟಿ ಓದಿ ಹೇಳಿದಳು. ಬೋರಯ್ಯನಿಗೆ ಬೀಡಿಯ ಹೊಗೆ ನೆತ್ತಿಗೇರಿತು.

"ಸ್ವಂತ ಶ್ರಮಾನ? ಆ ನನ್ಮಗ ಕಲ್ಲಿನ ಮ್ಯಾಲೆ ಕುಂತಿದ್ದು ನೋಡಿವ್ನಿ. ಎತ್ತಿದ್ದು ನೋಡ್ನಿಲ್ಲ."

ಅಪ್ಪ ಮಗಳು ಗೋಡೆ ಹಿಡಿದುಕೊಂಡು ನಕ್ಕರು. ಎರಡು ವರ್ಷದ ಭಾನುವಾರಗಳಲ್ಲಿ ಲೈನಿನ ಹತ್ತೊಂಬತ್ತು ಜನ ಕಲ್ಲು ಹೊತ್ತಿದ್ದರು. ದೇವರ ಕೆಲಸಕ್ಕೆ ಕೂಲಿ ಕೇಳಬಾರದೆಂದು ರವಿಚಂದ್ರ ಹೇಳಿದ್ದ. ಮೆಟ್ಟಿಲು ಮುಗಿದ ಮಾರನೆಯ ದಿನವೇ ಪೂಜಾರಿ ಕೊನೆಯ ಐದು ಮೆಟ್ಟಿಲ ಕೆಳಗೆ ಸುಣ್ಣದ ಗೆರೆ ಎಳೆದ. ಹೊತ್ತವರು ಅದರಿಂದಾಚೆ ಹತ್ತುವಂತಿರಲಿಲ್ಲ.

ನಗು ಕೇಳಿ ಪಕ್ಕದ ಮನೆಯ ಹುಲಿಯಮ್ಮ ಬಂದು ಹೊಸ್ತಿಲಲ್ಲಿ ಕುಂತಳು. ಅವಳ ಮಗ ಧರ್ಮ ಮೆಟ್ಟಿಲ ಕೆಲಸದಲ್ಲಿ ಜಾರಿದ ಕಲ್ಲಿನಡಿ ಸಿಕ್ಕಿ ಅಲ್ಲೇ ಸತ್ತಿದ್ದ. ಬೆಟ್ಟದಮ್ಮನೇ ಕರೆದುಕೊಂಡಳೆಂದು ಹೇಳಿ ರವಿಚಂದ್ರ ಒಂದು ಸೀರೆ ಕಳಿಸಿದ್ದ.

"ಅಲ್ಲ ಕಣವ್ವ," ಎಂದಳು ಹುಲಿಯಮ್ಮ, "ಆ ತಗಡಲ್ಲಿ ನನ್ ಮಗನ ಹೆಸ್ರಿಗೆ ಎಷ್ಟು ಜಾಗ ಬೇಕಾಯ್ತದೆ?"

"ಎಳ್ಡೇ ಅಕ್ಷರ ಅಜ್ಜಿ," ಎಂದಳು ಸುಚಿತ್ರಾ. ಆಗ ಅವಳು ನಗಲಿಲ್ಲ.

ಮಾರನೆಯ ದಿನ ಮೆಷಿನ್ನಿನಲ್ಲಿ ರವಿಚಂದ್ರನ ಮಾತುಗಳನ್ನು ಆಳವಾಗಿ ಕೊರೆದಳು. ಕಪ್ಪು ಪೇಂಟು ತುಂಬಿ, ಮಿಕ್ಕಿದ್ದನ್ನು ಒರೆಸಿದಳು. ಜಯಕುಮಾರ್ ಊಟಕ್ಕೆ ಹೋದಾಗ ಮೊನಚು ಸೂಜಿ ಹಿಡಿದು ಸಾಲುಗಳ ನಡುವಿನ ಖಾಲಿ ಜಾಗದಲ್ಲಿ ಹತ್ತೊಂಬತ್ತು ಹೆಸರು ಗೀರಿದಳು. ಅವಕ್ಕೆ ಬಣ್ಣ ಹಾಕಲಿಲ್ಲ. ಹಿತ್ತಾಳೆಯ ಹೊಳಪಿನಲ್ಲಿ ಗೀರು ಕಣ್ಣಿಗೆ ಬೀಳುತ್ತಿರಲಿಲ್ಲ, ಬೆರಳಾಡಿಸಿದರೆ ಮಾತ್ರ ತಿಳಿಯುತ್ತಿತ್ತು. ಯಾರಿಗೂ ಕಾಣದಿದ್ದರೂ ಅಲ್ಲಿರಲಿ ಎಂಬುದಷ್ಟೇ ಅವಳ ಆಸೆ. ಸಿಕ್ಕಿಬಿದ್ದರೆ ಅಪ್ಪನ ಮನೆಯೂ ಹೋಗುತ್ತದೆ, ತನ್ನ ಕೆಲಸವೂ ಹೋಗುತ್ತದೆ ಎಂದು ಗೊತ್ತಿತ್ತು. ಹಾಗಂದುಕೊಂಡಾಗಲೂ ಭಯಕ್ಕಿಂತ ಮೊದಲು ಹೊಟ್ಟೆಯಲ್ಲಿ ಸೋಡಾದಂತೆ ನಗು ಗುಳುಗುಳು ಅಂದಿತು.

ಭಾನುವಾರ ಬೆಳಿಗ್ಗೆ ಬೆಟ್ಟದ ಮೇಲಿನ ಕಂಬಕ್ಕೆ ಫಲಕ ಕೂರಿಸಿ ಸ್ಕ್ರೂ ಬಿಗಿದವಳೂ ಅವಳೇ. ಆ ಕೆಲಸಕ್ಕೆ ಗೆರೆ ದಾಟಬಹುದಿತ್ತು. ಮುಗಿದ ಕೂಡಲೇ ಇಳಿದು ಲೈನಿನವರ ಜೊತೆ ನಿಲ್ಲಬೇಕಿತ್ತು. ಅವಳು ಇಳಿದ ಮೇಲೆ ಪೂಜಾರಿ ಫಲಕಕ್ಕೆ ಗಂಜಲ ಚಿಮುಕಿಸಿದ. ಆಮೇಲೆ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅಂಗೈಯಲ್ಲಿ ತೆಗೆದುಕೊಂಡು ಪೂರ್ತಿ ಬಳಿದು, ಬಟ್ಟೆಯಿಂದ ಒರೆಸಿದ. ಸೂಜಿಯ ಗೀರುಗಳಲ್ಲಿ ಕೆಂಪು ಉಳಿದುಕೊಂಡಿತು. ಕಪ್ಪು ಕೆಂಪು ಬೇರೆ ಮಾಡುವ ಗೋಜಿಗೆ ಪೂಜಾರಿ ಹೋಗಲಿಲ್ಲ. ಮೈಕು ಹಿಡಿದು ಕಂಡಿದ್ದನ್ನೆಲ್ಲ ಓದುತ್ತಾ ಹೋದ.

"ಶ್ರೀ ರವಿಚಂದ್ರ ಅವರು... ಬೋರಯ್ಯ..."

"ಬಂದಿವ್ನಿ ಅಯ್ಯ," ಎಂದ ಬೋರಯ್ಯ ಕೆಳಗಿನಿಂದ. ಮೂವತ್ತು ವರ್ಷ ಬೆಳಗಿನ ಹಾಜರಿಗೆ ಓಗೊಟ್ಟ ಬಾಯಿ ಅದು.

"ಚಲುವಯ್ಯ..."

"ಇಲ್ಲೇ ಇವ್ನಿ."

"ಕಮಲಮ್ಮ..."

"ಇವ್ನಿ, ಮುಂದಕ್ಕೆ ಓದಿ."

ಲೈನಿನವರ ನಗು ಬೆಟ್ಟದ ತುಂಬ ಉರುಳಿತು. ಸುಚಿತ್ರಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕು ಪಕ್ಕದವರ ಹೆಗಲು ಹಿಡಿದಳು.

"ಧರ್ಮ," ಎಂದ ಪೂಜಾರಿ.

ಓಗೊಟ್ಟವಳು ಹುಲಿಯಮ್ಮ. "ಐವತ್ಮೂರನೇ ಮೆಟ್ಲಲ್ಲವ್ನೆ."

ರವಿಚಂದ್ರ ಮೈಕು ಕಿತ್ತುಕೊಂಡ. ಹೆಗಲ ಮೇಲಿನ ಶಾಲಿನಿಂದ ಫಲಕವನ್ನು ತಿಕ್ಕಿದಷ್ಟೂ ಕುಂಕುಮ ಗೀರಿಗಿಳಿದು ಹೆಸರುಗಳು ನಿಚ್ಚಳವಾದವು. "ಬಾರೇ ಇಲ್ಲಿ ಸೂಳೆ. ಈಗಿಂದೀಗ್ಲೇ ಅಳ್ಸು. ಇಲ್ಲಾಂದ್ರೆ ನಿಮ್ಮಪ್ಪನ ಪಾತ್ರೆ ಪಗಡ ಸಂಜೆಗೆ ರೋಡಲ್ಲಿರ್ತವೆ."

ಸುಚಿತ್ರಾ ಚೀಲ ಎತ್ತಿಕೊಂಡು ಗೆರೆ ದಾಟಿದಳು. ಸೀಮೆಎಣ್ಣೆ ಬಟ್ಟೆಯಿಂದ ಕುಂಕುಮವನ್ನೆಲ್ಲ ಒರೆಸಿದಳು. ರವಿಚಂದ್ರನ ಉಸಿರು ಹದಕ್ಕೆ ಬಂತು. ಆಗ ಅವಳು ಕೆಂಪು ಪೇಂಟಿನ ಡಬ್ಬಿ ತೆರೆದು, ಸಣ್ಣ ಬ್ರಷ್ಷು ಅದ್ದಿ, ಧರ್ಮನ ಹೆಸರಿಗೆ ಇಟ್ಟಳು.

"ಏನೇ ಮಾಡ್ತಿದೀಯ?"

"ಅಳ್ಸೋದು ನನ್ ಕಸುಬಲ್ಲ ಅಯ್ಯ. ತುಂಬೋದು."

ತಡೆದಿಟ್ಟಿದ್ದ ನಗು ಈಗ ಬಾಯಿ ತುಂಬ ಬಂತು. ಆದರೆ ಬ್ರಷ್ಷು ಅಲುಗಲಿಲ್ಲ. ಧರ್ಮನ ಹೆಸರಾದ ಮೇಲೆ ಕಮಲಮ್ಮ, ಚಲುವಯ್ಯ, ಬೋರಯ್ಯ. ರವಿಚಂದ್ರ ಫಲಕಕ್ಕೆ ಕೈ ಚಾಚಿದ. ಅವಳು ತಿರುಗಿ ನೋಡಲಿಲ್ಲ.

"ಪೇಂಟು ಹಸಿ ಐತೆ. ಯಾರೂ ಮುಟ್ಬ್ಯಾಡಿ."

ಅವನ ಕೈ ಗಾಳಿಯಲ್ಲೇ ನಿಂತಿತು. ಹುಲಿಯಮ್ಮನನ್ನು ಮುಂದೆ ಬಿಟ್ಟುಕೊಂಡು ಲೈನಿನ ಹದಿನೆಂಟು ಜನ ಸುಣ್ಣದ ಗೆರೆ ತುಳಿದು ಮೇಲೆ ಬರುತ್ತಿದ್ದರು, ಹೆಸರು ಹತ್ತಿರದಿಂದ ನೋಡಬೇಕೆಂದು.