ಮಾರ್ಲೀನಳ ಆರುನೂರು ಷೇರು

ರಾಯ್ಸ್ ಹಾಲ್‌ಗ್ರೆನ್ ರಾಕ್‌ಫರ್ಡಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನು. ನಿವೃತ್ತನಾದ ಮೇಲೆ ಮಂಗಳವಾರಗಳಂದು ಊರಿನ ಲೈಬ್ರರಿಯಲ್ಲಿ ಸೇರುತ್ತಿದ್ದ ಹೂಡಿಕೆದಾರರ ಗುಂಪಿಗೆ ಹೋಗತೊಡಗಿದ. ಎರಡೇ ತಿಂಗಳಲ್ಲಿ ಅಲ್ಲಿಯೂ ಬೋರ್ಡಿನ ಮುಂದೆ ನಿಂತು ಪಾಠ ಹೇಳುವವನು ಅವನೇ ಆದ.

ಅವನಿಗೆ ಹಿಡಿಸಿದ್ದು ಕಾಲ್ ಆಪ್ಷನ್ ಮಾರುವ ಉಪಾಯ. ಕೈಯಲ್ಲಿರುವ ಷೇರನ್ನು ಇಷ್ಟು ಬೆಲೆಗೆ, ಇಂಥ ದಿನದೊಳಗೆ ಕೊಳ್ಳುವ ಹಕ್ಕನ್ನು ಯಾರೋ ಗುರುತಿಲ್ಲದವರಿಗೆ ಮಾರುವುದು. ಬೆಲೆ ಅಷ್ಟಕ್ಕೆ ಏರದಿದ್ದರೆ ಷೇರೂ ನಮ್ಮದೇ, ಹಕ್ಕಿಗೆಂದು ಬಂದ ದುಡ್ಡೂ ನಮ್ಮದೇ. ಏರಿದರೆ ಮಾತ್ರ ಒಪ್ಪಿದ ಬೆಲೆಗೆ ಕೊಟ್ಟುಬಿಡಬೇಕು.

ಅವರ ಮನೆಯಲ್ಲಿದ್ದ ಷೇರುಗಳೆಂದರೆ ಟ್ರೆವಾಲ್ಡ್ ಪಂಪ್ ಕಂಪನಿಯ ಆರುನೂರು. ಅವು ಹೆಂಡತಿ ಮಾರ್ಲೀನಳವು. ಆ ಕಾರ್ಖಾನೆಯ ಜೋಡಣೆ ಸಾಲಿನಲ್ಲಿ ಮೂವತ್ತೊಂದು ವರ್ಷ ನಿಂತು, ಪ್ರತಿ ಸಂಬಳದಲ್ಲೂ ಒಂದಿಷ್ಟು ಹಿಡಿಸಿ ಕೂಡಿಸಿದ್ದಳು. ಖಾತೆ ಮಾತ್ರ ಇಬ್ಬರ ಹೆಸರಿನಲ್ಲಿತ್ತು.

"ನನ್ನ ಷೇರಿನ ತಂಟೆಗೆ ಬರಬೇಡಿ ಮೇಷ್ಟ್ರೇ," ಎಂದಿದ್ದಳು ಅವಳು. ಗಂಡನನ್ನು ಕೆಣಕಬೇಕೆನಿಸಿದಾಗಲೆಲ್ಲ ಅವಳ ಬಾಯಲ್ಲಿ ಬಹುವಚನ.

"ತಂಟೆ ಏನು ಬಂತು? ಬಾಡಿಗೆಗೆ ಕೊಟ್ಟ ಹಾಗೆ ಅಷ್ಟೇ. ಆ ಷೇರು ಹತ್ತು ವರ್ಷದಿಂದ ನಲವತ್ತರ ಮೇಲೆ ತಲೆ ಎತ್ತಿಲ್ಲ."

ಅವಳು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಅದನ್ನೇ ಒಪ್ಪಿಗೆ ಎಂದುಕೊಂಡು ಅವನು ತಿಂಗಳು ತಿಂಗಳೂ ನಲವತ್ತೈದು ಡಾಲರಿನ ಕಾಲ್ ಮಾರಿದ. ತಿಂಗಳಿಗೆ ಇನ್ನೂರು ಡಾಲರಿನ ಆಸುಪಾಸು ಬರುತ್ತಿತ್ತು. ಶುಕ್ರವಾರಗಳಂದು ಇಬ್ಬರೂ ಕ್ಲಬ್ಬಿಗೆ ಹೋಗಿ ಕರಿದ ಮೀನು ತಿನ್ನುತ್ತಿದ್ದರು. ಒಂದೂವರೆ ವರ್ಷ ಹೀಗೇ ಸುಖವಾಗಿ ಕಳೆಯಿತು.

ಅಕ್ಟೋಬರಿನ ಒಂದು ಬೆಳಿಗ್ಗೆ ಸುದ್ದಿ ಬಂತು. ಹೊರಗಿನ ದೊಡ್ಡ ಕಂಪನಿಯೊಂದು ಟ್ರೆವಾಲ್ಡನ್ನು ಷೇರಿಗೆ ಅರವತ್ತೆಂಟು ಡಾಲರಿನಂತೆ ಕೊಳ್ಳುತ್ತದಂತೆ, ರಾಕ್‌ಫರ್ಡಿನ ಕಾರ್ಖಾನೆಯನ್ನು ಮುಚ್ಚುತ್ತದಂತೆ. ಮಧ್ಯಾಹ್ನದೊಳಗೆ ಷೇರು ಅರವತ್ತಾರಕ್ಕೆ ಏರಿತು. ರಾಯ್ಸ್ ಕ್ಯಾಲೆಂಡರ್ ನೋಡಿದ. ಮಾರಿದ ಕಾಲ್‌ಗಳ ಗಡುವು ಮುಗಿಯಲು ಇನ್ನು ಹತ್ತು ದಿನವಿತ್ತು.

ಮಾರ್ಲೀನ್ ಬೆಲೆಯ ಮಾತನ್ನೇ ಎತ್ತಲಿಲ್ಲ. ಪೆನ್ನು, ಹಳದಿ ಕಾಗದದ ಪುಸ್ತಕ ತಂದು ಅಡುಗೆಮನೆಯ ಮೇಜಿಗೆ ಕೂತಳು.

"ಈ ಮಾರಾಟಕ್ಕೆ ಷೇರುದಾರರ ಸಭೇಲಿ ಓಟು ಹಾಕ್ಬೇಕಂತೆ. ಒಬ್ಬೊಬ್ಬರಿಗೆ ಮೂರು ನಿಮಿಷ ಮಾತಾಡೋಕೂ ಬಿಡ್ತಾರಂತೆ, ರೋಸಾಲಿ ಹೇಳಿದ್ಳು. ನಾನು ಮಾತಾಡ್ತೀನಿ," ಎಂದಳು. ರೋಸಾಲಿ ಅದೇ ಸಾಲಿನಲ್ಲಿ ಅವಳ ಪಕ್ಕದಲ್ಲಿ ನಿಂತು ದುಡಿದ ಗೆಳತಿ.

"ನೀನಾ?" ಎಂದ ರಾಯ್ಸ್. ಚರ್ಚಿನಲ್ಲಿ ಪ್ರಾರ್ಥನೆ ಓದಲು ಕರೆದರೂ ಹಿಂದಿನ ಬೆಂಚಿಗೆ ಸರಿಯುವವಳು ಅವಳು.

"ನಾನೇ. ಮೂವತ್ತೊಂದು ವರ್ಷ ಬಾಯಿ ಮುಚ್ಕೊಂಡು ಬೋಲ್ಟ್ ಬಿಗಿದಿದೀನಿ. ಮೂರು ನಿಮಿಷ ಅವ್ರು ಕೇಳ್ಲಿ."

ದಿನವೂ ಒಂದಿಷ್ಟು ಬರೆದಳು, ಹೊಡೆದುಹಾಕಿದಳು, ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿದಳು. ಕೆಲಸ ಹೋಗಲಿರುವ ನಾನೂರು ಜನರಲ್ಲಿ ತಾನು ಕೆಲಸ ಕಲಿಸಿದವರ ಹೆಸರುಗಳನ್ನೆಲ್ಲ ಅದರಲ್ಲಿ ಸೇರಿಸಿದ್ದಳು. "ತಪ್ಪಿದ್ರೆ ತಿದ್ದು," ಎಂದು ಕಾಗದವನ್ನು ಗಂಡನ ಮುಂದೆ ಹಿಡಿದಳು. ರಾಯ್ಸ್ ಕನ್ನಡಕ ಹಾಕಿಕೊಂಡು ಅಲ್ಪವಿರಾಮಗಳನ್ನು ತಿದ್ದಿದ.

ಆಗಿನ್ನೂ ಕಾಲ ಮಿಂಚಿರಲಿಲ್ಲ. ಮಾರಿದ ಕಾಲ್‌ಗಳನ್ನು ಮರಳಿ ಕೊಂಡುಬಿಟ್ಟರೆ ಷೇರು ಮನೆಯಲ್ಲೇ ಉಳಿಯುತ್ತಿದ್ದವು. ಬೆಲೆ ಏರಿದ್ದರಿಂದ ಅದಕ್ಕೀಗ ಹನ್ನೆರಡು ಸಾವಿರದ ಮೇಲೆ ಬೇಕಿತ್ತು. ಮನೆಯ ಛಾವಣಿ ಹೊದಿಸಲೆಂದು ತೆಗೆದಿಟ್ಟ ದುಡ್ಡಿತ್ತು. ಕಂಪನಿಯ ಮಾರಾಟ ನಡೆದರೆ ಷೇರಿಗೆ ಅರವತ್ತೆಂಟು ಸಿಕ್ಕಿ ಅದು ಹಿಂದಕ್ಕೆ ಬರುತ್ತದೆ ಎಂಬ ಲೆಕ್ಕವೂ ಅವನಿಗೆ ಗೊತ್ತಿತ್ತು. ಆದರೆ ಆ ದುಡ್ಡು ಮುಟ್ಟಿದರೆ ಹೆಂಡತಿಗೆ ಹೇಳಬೇಕು. ಕಂಪನಿ ಕೊಳ್ಳುವ ಒಪ್ಪಂದ ಮುರಿದುಬಿದ್ದರೆ ಬೆಲೆ ತಾನಾಗಿಯೇ ಇಳಿಯುತ್ತದೆ, ಯಾರಿಗೂ ತಿಳಿಯದಂತೆ ಎಲ್ಲ ಸರಿಹೋಗುತ್ತದೆ ಎಂದು ಅವನು ಕಾದ. ದಿನವೂ ಬೆಳಿಗ್ಗೆ ಎದ್ದು ಬೆಲೆ ನೋಡಿದ. ಅದು ಇಳಿಯಲಿಲ್ಲ. ಮೂರನೆಯ ಶುಕ್ರವಾರ ಗಡುವು ಮುಗಿಯಿತು. ಸೋಮವಾರ ನೋಡಿದರೆ ಖಾತೆಯಲ್ಲಿ ಷೇರಿಗೆ ನಲವತ್ತೈದರಂತೆ ಇಪ್ಪತ್ತೇಳು ಸಾವಿರ ಡಾಲರ್ ಇತ್ತು, ಒಂದು ಷೇರೂ ಇರಲಿಲ್ಲ.

ಆಗಲೂ ಅವನು ಬಾಯಿ ಬಿಡಲಿಲ್ಲ. ಡಿಸೆಂಬರಿನಲ್ಲಿ ರೋಸಾಲಿಗೆ ಸಭೆಯ ಕಾಗದ ಬಂತು, ಮಾರ್ಲೀನಳಿಗೆ ಬರಲಿಲ್ಲ.

"ಅಂಚೇಲಿ ಎಲ್ಲೋ ಕಳ್ದೋಗಿರ್ಬೇಕು. ಫೋನ್ ಮಾಡಿ ಕೇಳ್ತೀನಿ," ಎಂದು ಅವಳು ಎದ್ದಳು.

"ಕಳ್ದೋಗಿಲ್ಲ, ಮಾರ್ಲೀನ್. ಕೂತ್ಕೋ."

ಅವನು ಹೇಳಿ ಮುಗಿಸುವವರೆಗೆ ಅವಳು ನಿಂತೇ ಇದ್ದಳು.

"ಯಾವತ್ತು ಹೋಯ್ತು?"

"ಅಕ್ಟೋಬರಲ್ಲಿ. ಮೂರನೇ ಶುಕ್ರವಾರ."

"ನಾನು ಓದ್ತಾ ಇದ್ದಾಗ್ಲೇ ಗೊತ್ತಿತ್ತಾ ನಿಂಗೆ?"

ಅವನು ಹೌದೆಂದು ತಲೆಯಾಡಿಸಿದ.

"ಗೊತ್ತಿದ್ದೂ ಕಾಮಾ ಹಾಕ್ದೆ," ಎಂದು ಅವಳು ಫೋನನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಸಭೆ ಜನವರಿಯಲ್ಲಿ, ನದಿಯ ಪಕ್ಕದ ಹೋಟೆಲಿನಲ್ಲಿ ನಡೆಯಿತು. ಮಾರ್ಲೀನ್ ಒಳ್ಳೆಯ ಕೋಟು ಹಾಕಿಕೊಂಡು ರೋಸಾಲಿಯ ಜೊತೆ ಹೊರಟಳು. ಕಾರು ಓಡಿಸಿದವನು ರಾಯ್ಸ್. ಬಾಗಿಲಲ್ಲಿ ಕೂತ ಹೆಂಗಸು ಪಟ್ಟಿಯನ್ನು ಎರಡು ಸಲ ನೋಡಿದಳು.

"ನಿಮ್ಮ ಹೆಸರು ಇಲ್ಲವಲ್ಲ, ಅಮ್ಮ."

"ಮೂವತ್ತೊಂದು ವರ್ಷ ಈ ಕಂಪನೀಲೇ ಕೆಲಸ ಮಾಡಿದಾಳೆ ಇವಳು. ಹಿಂದೆ ಎಲ್ಲಾದರೂ ಕೂತಿರ್ತಾಳೆ," ಎಂದ ರಾಯ್ಸ್.

"ಪಟ್ಟಿಯಲ್ಲಿದ್ದೋರಿಗೆ ಮಾತ್ರ ಸರ್. ನನ್ನ ಕೈಯಲ್ಲೇನೂ ಇಲ್ಲ."

"ಬಿಡು ರಾಯ್ಸ್, ಅವಳ ತಪ್ಪಲ್ಲ," ಎಂದು ಮಾರ್ಲೀನ್ ಹಳದಿ ಕಾಗದಗಳನ್ನು ರೋಸಾಲಿಯ ಕೈಗಿಟ್ಟಳು. "ನಿಧಾನಕ್ಕೆ ಓದು. ಹೆಸರು ಬಂದಾಗ ಗಡಿಬಿಡಿ ಮಾಡಬೇಡ."

ಗಂಡಹೆಂಡತಿ ಹೊರಗಿನ ಸೋಫಾದಲ್ಲಿ, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಅರ್ಧ ಗಂಟೆಯಾಗಿರಲಿಲ್ಲ, ಬಾಗಿಲು ತೆರೆದು ಜನ ಹೊರಬಂದರು. ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತ್ತು. ರೋಸಾಲಿ ಅತ್ತಿದ್ದಳು.

"ನಾಲ್ಕನೇ ಹೆಸರಿಗೇ ಗಂಟಲು ಕಟ್ಕೊಂತು ಕಣೇ. ಆಮೇಲೆ ಓದೋಕಾಗ್ಲಿಲ್ಲ. ಕೂತ್ಬಿಟ್ಟೆ."

"ನಾಲ್ಕಾದ್ರೂ ಓದಿದ್ಯಲ್ಲ," ಎಂದು ಮಾರ್ಲೀನ್ ಅವಳ ಭುಜ ತಡವಿದಳು.

ರೋಸಾಲಿಯನ್ನು ಮನೆಗೆ ಬಿಟ್ಟು ಬರುವಾಗ ರಾಯ್ಸನ ನಾಲಿಗೆಯ ತುದಿಯಲ್ಲಿ ಒಂದು ಮಾತಿತ್ತು. ಎರಡು ಕೋಟಿ ಷೇರುಗಳ ನಡುವೆ ಆರುನೂರು ಯಾವ ಲೆಕ್ಕಕ್ಕೆ? ಅವನು ಆಡುವ ಮೊದಲೇ ಅವಳು ಕಿಟಕಿಯ ಕಡೆ ಮುಖಮಾಡಿಕೊಂಡೇ ಹೇಳಿದಳು:

"ನನ್ನ ಓಟಿಂದ ಏನೂ ಆಗ್ತಿರ್ಲಿಲ್ಲ. ಅಷ್ಟು ಲೆಕ್ಕ ನಂಗೂ ಬರುತ್ತೆ. ಅದನ್ನ ಮಾತ್ರ ಹೇಳ್ಬೇಡ."

ಅವನು ಹೇಳಲಿಲ್ಲ. ಕ್ಷಮಿಸು ಎಂದ. ಅವಳು ಕೇಳಿಸಿಕೊಂಡಳು.

ಮರುವರ್ಷ ಕಾರ್ಖಾನೆ ಮುಚ್ಚಿತು. ರಾಯ್ಸ್ ಮತ್ತೆ ಆಪ್ಷನ್ ಮಾರಲಿಲ್ಲ, ಲೈಬ್ರರಿಯ ಮಂಗಳವಾರಗಳನ್ನೂ ಬಿಟ್ಟ. ಮಾರ್ಲೀನ್ ಅಡುಗೆ ಮಾಡಿದಳು, ಮಾತಾಡಿದಳು, ಕೆಲವೊಮ್ಮೆ ನಕ್ಕಳು ಕೂಡ. ಆದರೆ ಮೇಷ್ಟ್ರೇ ಎನ್ನುವುದನ್ನು ನಿಲ್ಲಿಸಿದಳು. ವಸಂತದಲ್ಲಿ ತನ್ನೊಬ್ಬಳ ಹೆಸರಿನಲ್ಲೇ ಖಾತೆ ತೆರೆದು ಯಾವುದೋ ಕಂಪನಿಯ ಷೇರು ಕೊಂಡಳೆಂದು ಅವನಿಗೆ ರೋಸಾಲಿಯಿಂದ ತಿಳಿಯಿತು. ಯಾವ ಕಂಪನಿ, ಎಷ್ಟು ಷೇರು ಎಂದು ಮಾರ್ಲೀನ್ ಹೇಳಲಿಲ್ಲ. ಕೇಳುವ ಹಕ್ಕು ತನಗಿದೆ ಎಂದು ಅವನಿಗೂ ಅನಿಸಲಿಲ್ಲ.