ಗಿಡ್ಡ ಹಲಗೆಗಳ ನೆಲ

ಕೊಬಿನಾನ ಮನೆಯ ನೆಲ ಬೇಸಿಗೆಯಲ್ಲೂ ಒದ್ದೆ. ತಾಕೊರಾಡಿ ಬಂದರಿನ ಆ ಕೇರಿ ಹಿನ್ನೀರಿಗೆ ಅಂಟಿಕೊಂಡಿದೆ. ಸಮುದ್ರ ಉಬ್ಬಿದಾಗಲೆಲ್ಲ ಸಿಮೆಂಟಿನ ಬಿರುಕುಗಳಿಂದ ಉಪ್ಪುನೀರು ಒಸರುತ್ತದೆ, ಅದರ ಜೊತೆಗೆ ಊರ ಚರಂಡಿಯ ನಾತವೂ ಬರುತ್ತದೆ. ಮಂಚದ ಕಾಲುಗಳು ಆ ನೀರಿಗೆ ಕೊಳೆತು ಒಲೆ ಸೇರಿದ್ದವು. ಈಗ ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಅವನ ಹೆಂಡತಿ ಎಕುವಾ.

ಎಕುವಾ ಮೀನು ಹೊಗೆ ಹಾಕಿ ಮಾರುತ್ತಿದ್ದವಳು. ಬಂದರಿನ ಸಂತೆಯಲ್ಲಿ ಅವಳ ಬಾಯಿಗೆ ಪೊಲೀಸರೂ ಹೆದರುತ್ತಿದ್ದರು. ಈಗ ಮಂಡಿ ಊದಿ, ಎದೆ ಗೊರಗುಟ್ಟಿ, ಮಲಗಿದಲ್ಲೇ ಆಗಿದ್ದಳು. ಒಣಗಿದ ಜಾಗದಲ್ಲಿ ಮಲಗಿಸದಿದ್ದರೆ ಈ ಮಳೆಗಾಲ ದಾಟುವುದು ಕಷ್ಟ ಎಂದು ಆಸ್ಪತ್ರೆಯ ಡಾಕ್ಟರು ಹೇಳಿ ಕೈತೊಳೆದುಕೊಂಡಿದ್ದ. ಹೇಳುವುದಕ್ಕೇನು, ಅವನ ಮನೆ ಗುಡ್ಡದ ಮೇಲಿತ್ತು.

ತಮಾಷೆ ನೋಡಿ, ಕೊಬಿನಾನ ಕಸುಬೇ ಮರದ ನೆಲ ಹಾಸುವುದು. ಊರಿನ ದೊಡ್ಡವರೆಲ್ಲ ಅವನು ಹಾಸಿದ ನೆಲದ ಮೇಲೇ ಓಡಾಡುತ್ತಿದ್ದರು. ಹಾಸುವವರ ಕೂಲಿ ಕಡಿಮೆ. ಅದಕ್ಕೆ ಬದಲಾಗಿ ಅಜ್ಜಂದಿರ ಕಾಲದಿಂದ ಒಂದು ಪದ್ಧತಿ ಉಳಿದು ಬಂದಿತ್ತು: ನೆಲ ಮುಗಿದ ಮೇಲೆ ಮಿಕ್ಕ ಗಿಡ್ಡ ತುಂಡುಗಳು ಹಾಸಿದವರ ಪಾಲು. ಯಾವ ಧಣಿಯೂ ಅದಕ್ಕೆ ಕೈ ಹಾಕುತ್ತಿರಲಿಲ್ಲ. ಹಾಗೆ ತಂದ, ಓಡುಂ ಎಂಬ ಗಟ್ಟಿ ಮರದ ತುಂಡುಗಳನ್ನು ಕೊಬಿನಾ ಸೂರಿನ ಕೆಳಗೆ ಒಟ್ಟಿದ್ದ. ಆ ಮರವನ್ನು ಗೆದ್ದಲು ಮೂಸಿಯೂ ನೋಡುವುದಿಲ್ಲ. ಕೋಣೆಯ ಅರ್ಧಕ್ಕೆ ಆಗುವಷ್ಟು ಕೂಡಿತ್ತು. ಇನ್ನೊಂದು ದೊಡ್ಡ ಮನೆಯ ಕೆಲಸ ಸಿಕ್ಕರೆ ಹೆಂಡತಿಯನ್ನು ನೀರಿನಿಂದ ಎತ್ತಬಹುದಿತ್ತು.

ಆ ಕೆಲಸ ಅಮಿಸ್ಸಾನ ಮನೆಯಲ್ಲಿ ಸಿಕ್ಕಿತು. ಅಮಿಸ್ಸಾ ಮರ ಕೊಯ್ಯುವ ಕಾರ್ಖಾನೆಯ ಒಡೆಯ. ಕೊಬಿನಾ ಮತ್ತು ಅವನ ಜೊತೆಗಾರರು ಕಟ್ಟುಗಳನ್ನು ಬಿಚ್ಚಿ ಹಲಗೆಗಳನ್ನು ಹಜಾರದ ತುಂಬ ಹರಡಿದರು. ಆಳೆತ್ತರದ್ದು ಒಂದು, ಅದರ ಮುಂದೆ ಎರಡು ಮೊಳದ್ದು, ಆಮೇಲೆ ಮೊಳದ್ದು. ಒಂದು ಸಾಲಿನ ಜಾಯಿಂಟು ಪಕ್ಕದ ಸಾಲಿನ ಜಾಯಿಂಟಿಗೆ ತಾಗದ ಹಾಗೆ ಕಣ್ಣಳತೆಯಲ್ಲೇ ಬೆರೆಸಿ ಇಡುತ್ತಿದ್ದರು. ಅಷ್ಟರಲ್ಲಿ ಅಮಿಸ್ಸಾ ಬಂದ. ಜೊತೆಗೆ ಕರುವಿನಷ್ಟು ದೊಡ್ಡ ನಾಯಿ, ಅದರ ಹೆಸರು ಮೇಜರ್.

"ಏನಯ್ಯಾ ಇದು, ನೆಲ ಹಾಸ್ತಿದ್ದೀಯೋ ತೇಪೆ ಹಾಕ್ತಿದ್ದೀಯೋ?"

"ಕಟ್ಟಲ್ಲೇ ಉದ್ದ ಗಿಡ್ಡ ಎಲ್ಲಾ ಬೆರೆತು ಬರ್ತವೆ ಧಣಿ. ಬೆರೆಸಿ ಹಾಕಿದ್ರೇನೆ ನೆಲ ಗಟ್ಟಿ," ಎಂದ ಕೊಬಿನಾ.

"ನಂಗೆ ಮರದ ಪಾಠ ಹೇಳ್ಬೇಡ. ನನ್ನ ಹಜಾರದಲ್ಲಿ ಬರೀ ಉದ್ದದ್ದೇ ಇರ್ಬೇಕು. ಗಿಡ್ಡದ್ದೇನಿದ್ರೂ ಬಡವರ ಮನೆಗೆ ಸರಿ."

ಅವನು ಆಚೆ ಹೋದದ್ದೇ ತಡ, ಫಿಫಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಫಿಫಿ ಕೊಬಿನಾನ ಹಳೆಯ ಜೊತೆಗಾರ, ಯಾರನ್ನೂ ಬಿಡದೆ ಆಡಿಕೊಳ್ಳುವವನು.

"ಕೇಳಿಸ್ತಾ ಅಣ್ಣಾ? ಬಡವರ ಮನೆಗಂತೆ! ಹೊಟ್ಟೆ ತಣ್ಣಗಿರ್ಲಿ ಪುಣ್ಯಾತ್ಮಂದು. ನಮ್ಮ ಪಾಲೂ ನೀನೇ ತಗೊಂಡು ಹೋಗು. ಅತ್ತಿಗೆ ಕೆಳಗೆ ಹಾಸು."

ಉಳಿದವರೂ ಹೂಂ ಅಂದರು. ಬರೀ ಉದ್ದ ಹಲಗೆ ಹಾಸುವುದು ಸೊಂಟ ಮುರಿಯುವ ಕೆಲಸ. ನೀಳ ಹಲಗೆ ಎಲ್ಲೋ ಒಂದು ಕಡೆ ಬಾಗಿರುತ್ತದೆ, ಇಬ್ಬರು ಒತ್ತಿ ಹಿಡಿದು ಕೊಡತಿಯಲ್ಲಿ ಹೊಡೆದರೆ ಮಾತ್ರ ಕೂರುತ್ತದೆ. ಆದರೂ ಕೊಬಿನಾನಿಗೆ ಆಯಾಸ ಗೊತ್ತಾಗಲಿಲ್ಲ. ಹಿತ್ತಲಲ್ಲಿ ಗಿಡ್ಡ ತುಂಡುಗಳ ರಾಶಿ ಏರುತ್ತಿತ್ತು. ಮುಸುಕಿನ ಜೋಳದ ಹುಳಿಹಿಟ್ಟಿನ ಕೆಂಕೆ ಉಂಡೆಯನ್ನು ಖಾರದಲ್ಲಿ ಅದ್ದಿ ತಿನ್ನುತ್ತ ಅದನ್ನೇ ನೋಡುತ್ತ ಕೂರುತ್ತಿದ್ದ. ನಾಯಿ ಬಂದು ಪಕ್ಕ ಕುಳಿತರೆ ಮೀನಿನ ತಲೆಯನ್ನು ಅದಕ್ಕೆ ಹಾಕುತ್ತಿದ್ದ.

ಕೊಬಿನಾ ಅಲ್ಲೇ ಒಂದು ತಪ್ಪು ಮಾಡಿದ. ತುಂಡುಗಳನ್ನು ಕಸದ ಹಾಗೆ ಚೀಲಕ್ಕೆ ತುರುಕಿ ಮೂಲೆಗೆ ಎಸೆದಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಕಸುಬಿನ ಚಾಳಿ ಬಿಡಬೇಕಲ್ಲ! ಗೇಣಿನದ್ದು ಒಂದು ಕಡೆ, ಮೊಳದ್ದು ಒಂದು ಕಡೆ, ಎರಡು ಮೊಳದ್ದು ಒಂದು ಕಡೆ ಎಂದು ವಿಂಗಡಿಸಿ, ಧೂಳು ಒರೆಸಿ, ಅಂದವಾಗಿ ಪೇರಿಸಿಟ್ಟ. ಅದು ಅಮಿಸ್ಸಾನ ಕಣ್ಣಿಗೆ ಬಿತ್ತು.

"ಅಬ್ಬಾ, ಇಷ್ಟೊಂದು ಒಳ್ಳೇ ಮರ! ಇದನ್ನ ಯಾಕೆ ಇಲ್ಲಿಟ್ಟಿದ್ದೀರಿ?"

"ಅದು ಹಾಸೋರದ್ದು ಧಣಿ. ಮೊದಲಿಂದ ಹಂಗೇ ನಡ್ಕೊಂಡು ಬಂದಿದೆ."

"ಯಾರ ಮೊದಲಿಂದ? ಈ ಮರ ನಿಮ್ಮಪ್ಪ ನೆಟ್ಟಿದ್ನಾ?"

ಅಮಿಸ್ಸಾನ ಅಪ್ಪನೂ ನೆಟ್ಟಿರಲಿಲ್ಲ. ಯಾರದೋ ಕೋಕೋ ತೋಟ ತುಳಿದು ಕಡಿದು ತಂದ ಮರ ಅದು. ಆದರೆ ಅದನ್ನು ಹೇಳುವವರು ಯಾರೂ ಅಲ್ಲಿರಲಿಲ್ಲ.

ಅಮಿಸ್ಸಾನ ಹೆಂಡತಿ ಬಾಗಿಲಿಗೆ ಬಂದು ನಿಂತಳು. "ರೀ, ಮೇಜರ್ ಮನೆಗೆ ಹಾಸಿಸ್ಬಿಡಿ. ಸಿಮೆಂಟಿನ ಥಂಡಿಗೆ ಪಾಪ ಕೆಮ್ಮುತ್ತೆ," ಎಂದಳು.

ನಾಯಿಗೆ ಅಂಗಳದಲ್ಲಿ ಬೇರೆ ಮನೆಯನ್ನೇ ಕಟ್ಟಿದ್ದರು. ಕೊಬಿನಾನ ಕೋಣೆಗಿಂತ ಅದು ಒಂದು ಮೊಳ ಅಗಲವೇ ಇತ್ತು.

"ಧಣಿ, ನನ್ನ ಹೆಂಡ್ತಿ ನೀರಲ್ಲಿ ಮಲಗಿದ್ದಾಳೆ. ಕಾಯಿಲೆಯವಳು. ಅವಳಿಗೋಸ್ಕರ ಇಟ್ಟಿದ್ದೆ," ಎಂದ ಕೊಬಿನಾ. ಹಾಗೆ ಬೇಡಿದ್ದಕ್ಕೆ ಅವನಿಗೇ ನಾಚಿಕೆಯಾಯಿತು.

"ಕೂಲಿಯವರ ಹೆಂಡ್ತೀರೆಲ್ಲ ಕಾಯಿಲೆಯವರೇ ಬಿಡು. ಭಾನುವಾರ ಮನೆ ಪ್ರಾರ್ಥನೆ ಇದೆ. ಅಷ್ಟರೊಳಗೆ ಹಾಸಿ ಮುಗಿಸು. ಆಗಲ್ಲ ಅಂದ್ರೆ ಹೇಳು, ಬೇರೆಯವರನ್ನ ಕರೆಸ್ತೀನಿ."

ಕೊಬಿನಾ ಹಾಸಿದ. ಬೇರೆಯವರನ್ನು ಕರೆಸಿದರೆ ಈ ಊರಲ್ಲಿ ಮತ್ತೆ ಯಾರೂ ಅವನನ್ನು ಕೆಲಸಕ್ಕೆ ಕರೆಯುತ್ತಿರಲಿಲ್ಲ. ಉದ್ದ ಗಿಡ್ಡ ಬೆರೆಸಿ, ಜಾಯಿಂಟಿಗೆ ಜಾಯಿಂಟು ತಾಗದ ಹಾಗೆ, ಕೈಗೆ ತಿಳಿದ ರೀತಿಯಲ್ಲೇ ಹಾಸಿದ. ಹಾಳುಗೆಡವಿ ಹಾಸೋಣ ಎಂದುಕೊಂಡರೂ ಕೈ ಕೇಳಲಿಲ್ಲ. ಮೇಜರ್ ಬಂದು ಅವನ ಕಿವಿ ನೆಕ್ಕಿತು. ನಾಯಿಯ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ಅದೇನು ಕೇಳಿತ್ತೇ? ಆದರೆ ಒಂದೊಂದು ತುಂಡು ಕೂರಿಸುವಾಗಲೂ ಆ ಮನೆ, ಆ ಜನ, ಹೂಂಗುಟ್ಟುವ ತನ್ನ ಬಾಯಿ, ಎಲ್ಲದರ ಮೇಲೂ ಹೇಸಿಗೆ ಹುಟ್ಟುತ್ತಿತ್ತು.

ಸಂಜೆ ಮನೆಗೆ ಬಂದು ಎಕುವಾಳಿಗೆ ಎಲ್ಲ ಹೇಳಿದ. ಅವಳು ಸೂರು ನೋಡುತ್ತ ಕೇಳಿಸಿಕೊಂಡಳು.

"ಒಣಗಿದೆಯಾ ಅಲ್ಲಿ?"

"ಹೂಂ."

"ಗಾಳಿ?"

"ಎರಡು ಕಡೆ ಕಿಟಕಿ. ಸೊಳ್ಳೆಗೆ ಜಾಲರಿ ಬೇರೆ."

"ಥೂ!" ಎಂದು ಉಗಿದಳು ಎಕುವಾ. ಉಗುಳು ನೆಲದ ನೀರಿಗೆ ಬಿತ್ತು. ಸ್ವಲ್ಪ ಹೊತ್ತು ಕೆಮ್ಮಿ ಸುಧಾರಿಸಿಕೊಂಡಳು. "ಮೀನಿನ ಗಾಡಿ ತೊಳ್ದಿಡು. ಭಾನುವಾರ ನನ್ನನ್ನ ಅಲ್ಲಿಗೆ ಕರ್ಕೊಂಡು ಹೋಗು."

"ಹುಚ್ಚೇನೇ ನಿಂಗೆ? ನನ್ನ ಕೆಲಸ ಹೋಗುತ್ತೆ."

"ನನ್ನ ಜೀವ ಹೋಗ್ತಿದೆಯಲ್ಲಯ್ಯಾ," ಎಂದಳು.

ಭಾನುವಾರ ಎಕುವಾಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಹೊರಟಾಗ ಏನು ಎತ್ತ ಎಂದು ಕೇಳಿದ ಕೇರಿಯ ಹೆಂಗಸರೂ ಹಿಂದೆ ಬಂದರು. ಅವರಿಗೂ ಮನೆಯಲ್ಲಿ ಇದ್ದದ್ದು ಅದೇ ಒದ್ದೆ ನೆಲ. ಫಿಫಿ ದಾರಿಯಲ್ಲಿ ಸೇರಿಕೊಂಡ. ಗೇಟಿನಲ್ಲಿ ಕಾವಲುಗಾರ ಇದ್ರಿಸು ಅಡ್ಡ ಬಂದ. ರಾತ್ರಿಯೆಲ್ಲ ರಟ್ಟಿನ ಮೇಲೆ ಮಲಗುವ ಮನುಷ್ಯ.

"ಎಲ್ಲಿಗಕ್ಕಾ?"

"ನನ್ನ ಗಂಡ ಹಾಸಿದ ನೆಲಕ್ಕೆ ಕಣಪ್ಪಾ."

ಇದ್ರಿಸು ಒಮ್ಮೆ ನಾಯಿಮನೆಯ ಕಡೆ, ಒಮ್ಮೆ ಅವಳ ಮಂಡಿಯ ಕಡೆ ನೋಡಿ ಗೇಟು ತೆಗೆದ. ಒಳಗೆ ಪಾದ್ರಿ ಕೋಣೆ ಕೋಣೆಗೂ ಪ್ರಾರ್ಥನೆ ಮಾಡುತ್ತಿದ್ದ, ಅತಿಥಿಗಳು ಹಜಾರದ ಉದ್ದ ಹಲಗೆಗಳನ್ನು ಹೊಗಳುತ್ತಿದ್ದರು. ಎಕುವಾ ನಾಯಿಮನೆಯೊಳಕ್ಕೆ ತೆವಳಿಕೊಂಡು ಹೋಗಿ ಚಾಪೆ ಹಾಸಿ ಮಲಗಿದಳು. ಹಲಗೆ ಬೆಚ್ಚಗಿತ್ತು. ಬೆನ್ನಿಗೆ ಒಣ ನೆಲ ತಾಗಿ ಎಷ್ಟು ಕಾಲವಾಗಿತ್ತೋ, ಅವಳ ಕಣ್ಣಲ್ಲಿ ನೀರು ಬಂತು.

ಗದ್ದಲ ಕೇಳಿ ಎಲ್ಲರೂ ಅಂಗಳಕ್ಕೆ ಬಂದರು.

"ಏಯ್, ಎದ್ದೇಳೇ! ಅದು ನಾಯಿ ಜಾಗ!" ಎಂದು ಅಮಿಸ್ಸಾ ಕೂಗಿದ.

"ಗೊತ್ತು ಧಣಿ," ಎಂದಳು ಎಕುವಾ, ಕಣ್ಣು ತೆರೆಯದೆ.

"ಇದ್ರಿಸು, ಎಳೆದು ಹಾಕೋ ಅವಳನ್ನ!"

ಇದ್ರಿಸು ಗೇಟಿನ ಕಂಬಕ್ಕೆ ಒರಗಿ ಕೈಕಟ್ಟಿ ನಿಂತ. ಕೊಬಿನಾ ಚಪ್ಪಲಿ ಬಿಟ್ಟು ಒಳಗೆ ಹೋಗಿ ಹೆಂಡತಿಯ ತಲೆಯ ಪಕ್ಕ ಕುಳಿತ. ಫಿಫಿ ಕುಳಿತ. ಹೆಂಗಸರು ಸೊಂಟದ ಬಟ್ಟೆ ಬಿಗಿದುಕೊಂಡು ಒಬ್ಬೊಬ್ಬರಾಗಿ ಒಳಗೆ ಬಂದು ಕುಳಿತರು. ಪಾದ್ರಿ ಪುಸ್ತಕ ಮುಚ್ಚಿದ.

ಕೊನೆಗೆ ಅಮಿಸ್ಸಾನ ಹೆಂಡತಿ ಕಿರುಚಿದಳು. ಅಷ್ಟು ಜನರನ್ನು ನೋಡಿ ಅವಳಿಗೆ ಹೊಳೆದ ಮಾತು ಅದೊಂದೇ.

"ಅಯ್ಯೋ, ಮೇಜರ್ ಎಲ್ಲಿ ಮಲಗುತ್ತೆ?"

ಎಕುವಾ ಆಗ ಕಣ್ಣು ಬಿಟ್ಟಳು.

"ನಮ್ಮ ಮನೆ ಖಾಲಿ ಬಿದ್ದಿದೆ ಅಮ್ಮಾ. ಅಲ್ಲಿಗೆ ಕಳ್ಸಿ."